ಅತ್ತೆ ಒಮ್ಮೆ ಅಳಬೇಕು

೨೮ ಆಗಸ್ಟ್ ೧೯೭೯, ಮಂಗಳವಾರ

ನಸುಕಿನಲ್ಲಿ ಕೆಟ್ಟ ಕನಸು ಬಿತ್ತು. ರಂಗೂಬಾಯಿಯ ಟಿವಿಯಲ್ಲಿ ಇವರು ಹೆಣವಾಗಿ ಮಲಗಿದ್ದರು. ಅದೇನು ಹೊಸದಲ್ಲ, ಹೋದ ತಿಂಗಳು ನಿಜವಾಗಿಯೂ ಒಂದು ನಾಟಕದಲ್ಲಿ ಹಾಗೆ ಮಲಗಿದ್ದರು. ಆದರೆ ಕನಸಿನಲ್ಲಿ ನಾಟಕ ಮುಗಿದರೂ ಇವರು ಏಳಲಿಲ್ಲ. ಮುಂದೆ ರೈತರ ಕಾರ್ಯಕ್ರಮ ಬಂತು. ಇಬ್ಬರು ಕುರ್ಚಿ ಹಾಕಿಕೊಂಡು ಕೂತು ಜೋಳಕ್ಕೆ ಎಷ್ಟು ಗೊಬ್ಬರ ಹಾಕಬೇಕು ಎಂದು ಮಾತಾಡತೊಡಗಿದರು. ಅವರ ನಡುವೆ ಇವರು ಬಿಳಿ ಬಟ್ಟೆ ಹೊದ್ದು ಮಲಗಿಯೇ ಇದ್ದಾರೆ. ಆಮೇಲೆ ಬಾತ್ಮಿ ಬಂತು. ಬಾತ್ಮಿ ಓದುವ ಹೆಂಗಸು ಸೀರೆ ಎತ್ತಿ ಹಿಡಿದು ಇವರ ಕಾಲು ದಾಟಿ ಹೋಗಿ ಕೂತಳು. ನಾನು ‘ಏಳ್ರಿ, ನಿಮ್ಮ ಕೆಲಸ ಮುಗೀತು’ ಎಂದು ಗಾಜಿನ ಮೇಲೆ ಬಡಿಯುತ್ತಿದ್ದೆ. ರಂಗೂಬಾಯಿ ಹಿಂದಿನಿಂದ ‘ಚಂದಾ, ಗಾಜು ಒಡದರ ನೀನ ತುಂಬಿಕೊಡಬೇಕು ನೋಡು’ ಎನ್ನುತ್ತಿದ್ದಳು.

ಎಚ್ಚರವಾಯಿತು. ಮುಟ್ಟಿ ನೋಡಿದೆ, ಇವರ ಮೈ ಬೆಚ್ಚಗಿತ್ತು. ಗೊರಕೆಯೂ ಇತ್ತು. ಆದರೆ ಗೊರಕೆಯನ್ನು ಇವರು ನಟಿಸಬಲ್ಲರು. ನಂಬಿಕೆ ಬರದೆ ಚಿವುಟಿದೆ. ಬೈದರು. ಬೈಗುಳ ಇವರದೇ ಆಗಿತ್ತು, ಸಮಾಧಾನವಾಯಿತು.

ಕೆಟ್ಟ ಕನಸನ್ನು ಹರಿಯುವ ನೀರಿಗೆ ಹೇಳಿಬಿಡಬೇಕು, ಮನುಷ್ಯರಿಗೆ ಹೇಳಿದರೆ ಖರೆಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಈ ಪುಣೆಯ ಬಿಬವೇವಾಡಿಯ ಚಾಳಿನಲ್ಲಿ ನೀರು ಹರಿಯುವುದು ನಳದಲ್ಲಿ ಮಾತ್ರ, ಅದೂ ಬೆಳಗಿನ ಒಂದು ತಾಸು. ಆಗ ಅಲ್ಲಿ ಇಡೀ ಚಾಳು ಕೊಡ ಹಿಡಿದು ನಿಂತಿರುತ್ತದೆ. ನೀರಿಗೆ ಹೇಳಿದ್ದು ಮೊದಲು ಅವರ ಕಿವಿಗೆ ಬೀಳುತ್ತದೆ. ಅದಕ್ಕೆ ಕಾರ್ಖಾನೆಯವರು ಹೊಸ ವರ್ಷಕ್ಕೆ ಇವರಿಗೆ ಕೊಟ್ಟ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ. ಜನವರಿಯಿಂದ ಖಾಲಿ ಬಿದ್ದಿತ್ತು. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯ ಅರ್ಧದವರೆಗೆ, ಆಮೇಲೆ ಶಾಲೆಯ ಮಾಡು ಬಿತ್ತು, ಅದನ್ನು ಎಬ್ಬಿಸುವುದರೊಳಗೆ ನನ್ನ ಲಗ್ನವಾಯಿತು. ತಪ್ಪುಗಳಿದ್ದರೆ ಇರಲಿ. ಇದನ್ನು ಓದುವವಳು ನಾನೊಬ್ಬಳೇ.

೩೦ ಆಗಸ್ಟ್, ಗುರುವಾರ

ಗುರುವಾರ ಕಾರ್ಖಾನೆಗೆ ರಜೆ. ಬೇರೆಯವರ ಗಂಡಂದಿರು ರಜೆಯ ದಿನ ಮಲಗುತ್ತಾರೆ. ಇವರು ಮುಂಬಯಿಗೆ ಓಡುತ್ತಾರೆ. ದೂರದರ್ಶನದ ಮರಾಠಿ ನಾಟಕಗಳಲ್ಲಿ ಇವರಿಗೆ ಸಣ್ಣ ಸಣ್ಣ ಪಾರ್ಟು ಸಿಗುತ್ತವೆ. ಎಲ್ಲ ಶುರುವಾದದ್ದು ಕಾರ್ಖಾನೆಯ ಗಣಪತಿ ಹಬ್ಬದ ನಾಟಕದಿಂದ. ಆ ವರ್ಷ ಮಳೆಗೆ ನಟರೆಲ್ಲ ಜ್ವರ ಹಿಡಿದು ಮಲಗಿದರು, ತಮ್ಮ ಪಾರ್ಟು ಮುಗಿಸಿ ಬಾರದವರ ಪಾರ್ಟನ್ನೂ ಇವರೇ ಮಾಡಿದರು. ಮಾವನೂ ಇವರೇ, ಅಳಿಯನೂ ಇವರೇ. ಮಾವ ಅಳಿಯನನ್ನು ಹೊಡೆಯುವ ಕಡೆ ಮಾತ್ರ ಸ್ವಲ್ಪ ತೊಂದರೆಯಾಯಿತು. ನೋಡಲು ಬಂದಿದ್ದ ಮುಂಬಯಿಯ ಸಾಹೇಬರೊಬ್ಬರು ಹೆಸರು ಬರೆದುಕೊಂಡು ಹೋದರು.

ಅಲ್ಲಿಂದ ಇವರು ಪೋಸ್ಟಮನ್ ಆದರು, ಹವಾಲ್ದಾರ ಆದರು, ದವಾಖಾನೆಯಲ್ಲಿ ಹೀರೋನ ಪಕ್ಕದ ಕಾಟಿನ ರೋಗಿಯಾದರು, ಪುರೋಹಿತರಾದರು, ಕಿಸೆಗಳ್ಳರಾದರು. ಒಮ್ಮೆ ಬ್ರಿಟಿಷ್ ಕಲೆಕ್ಟರ ಆಗಿದ್ದರು, ಮುಖಕ್ಕೆ ಸುಣ್ಣ ಬಳಿದ ಹಾಗೆ ಪೌಡರು ಹಚ್ಚಿ. ಮರಾಠಿ ಮಾತಾಡಿದರೆ ನಮ್ಮ ಸಿಂದಗಿ ಕಡೆಯ ಗಾಳಿ ಬೀಸುತ್ತದೆ, ಅದಕ್ಕೆ ಇವರಿಗೆ ಮಾತು ಕಡಿಮೆ. ಕಲೆಕ್ಟರ ‘ಗೆಟ್ ಔಟ್’ ಎಂದಷ್ಟೇ ಅನ್ನುವವನು. ಅದನ್ನು ಹಾಲಿನವನ ಮೇಲೆ ಪ್ರಾಕ್ಟೀಸು ಮಾಡಿದರು. ಅವನು ಮರುದಿನದಿಂದ ಬೇರೆ ಓಣಿ ಹಿಡಿದ.

ಪಾರ್ಟು ಏನೋ ಅದಾಗಿಯೇ ಮನೆಯಲ್ಲಿ ಇರುತ್ತಾರೆ. ರೋಗಿಯಾದಾಗ ಎರಡು ದಿನ ನನ್ನಿಂದ ಗಂಜಿ ಮಾಡಿಸಿಕೊಂಡು ಕುಡಿದರು. ಕಿಸೆಗಳ್ಳನಾದಾಗ ನನ್ನ ಸೊಂಟದ ಕೀಲಿ ಮೂರು ಸಲ ಮಾಯವಾಯಿತು.

ಟಿವಿ ಇರುವುದು ಎದುರು ಖೋಲಿಯ ರಂಗೂಬಾಯಿಯ ಹತ್ತಿರ. ಅವಳ ಗಂಡ ಮಿಲಿಟರಿಯಿಂದ ಬರುವಾಗ ತಂದದ್ದು. ಸೊಲ್ಲಾಪುರದವಳಾದ್ದರಿಂದ ಕನ್ನಡ ಬರುತ್ತದೆ, ಬಯ್ಯುವುದಕ್ಕೆ ಮಾತ್ರ ಮರಾಠಿ. ಚಾಳಿನವರೆಲ್ಲ ಅಲ್ಲಿಯೇ ಕೂತು ನೋಡುತ್ತೇವೆ. ಕಷ್ಟವೇನೆಂದರೆ, ಇವರು ಬಂದು ಹೋದದ್ದು ಯಾರಿಗೂ ತಿಳಿಯುವುದಿಲ್ಲ.

‘ಎಲ್ಲಿದ್ದಾನ ನಿನ್ನ ಗಂಡ?’ ಎಂದು ರಂಗೂಬಾಯಿ ಕೇಳುತ್ತಾಳೆ.

‘ಆಗಲೇ ಬಂದು ಹೋದರಲ್ಲ, ಪುರೋಹಿತರು.’

‘ಅವನಾ? ಅವ ಬ್ರಾಹ್ಮಣ ಇದ್ದ, ಚಂದಾ. ಸುಳ್ಳು ಹೇಳಬ್ಯಾಡ.’

ಹೀಗೆ ನಾನು ಸುಳ್ಳುಗಾತಿಯಾಗಿದ್ದೇನೆ. ಅತ್ತೆಯಂತೂ ಆ ಡಬ್ಬಿಯ ಮುಂದೆ ಎಲೆ ಅಡಿಕೆ ಜಗಿಯುತ್ತ ಕೂತಿರುತ್ತಾಳೆ, ಮಗನಿದ್ದಾನೋ ಇಲ್ಲವೋ ಎಂದು ಕೇಳುವುದೂ ಇಲ್ಲ.

ಪೋಸ್ಟಮನ್ ಆಗಲಿ, ಕಳ್ಳನಾಗಲಿ, ಸಹಿಸಿಕೊಂಡೆ. ಆದರೆ ಹೆಣ? ಸತ್ತ ಹಾಗೆ ಮಲಗಿದವನನ್ನು ಯಮ ದೂರದಿಂದ ನೋಡಿದರೆ ಅವನಿಗೇನು ಗೊತ್ತಾಗಬೇಕು ಇದು ನಾಟಕವೆಂದು? ರಂಗೂಬಾಯಿಗೇ ಗೊತ್ತಾಗುವುದಿಲ್ಲ.

೫ ಸೆಪ್ಟೆಂಬರ್

ಗಣಪತಿ ಕಳಿಸಿ ಬಂದ ಮೇಲೆ ಇವರಿಂದ ದೀಪ ಮುಟ್ಟಿಸಿ ಆಣೆ ಮಾಡಿಸಿಕೊಂಡೆ. ಇನ್ನು ಮೇಲೆ ಟಿವಿ ಇಲ್ಲ, ಮುಂಬಯಿ ಇಲ್ಲ. ಮಾಡಿದರು. ಬಹಳ ಸಂಕಟದ ಮುಖ ಮಾಡಿಕೊಂಡು ಮಾಡಿದರು. ಆ ಮುಖ ನಿಜದ್ದೋ ಯಾವುದಾದರೂ ಪಾರ್ಟಿನದೋ ಎಂದು ಯೋಚಿಸುತ್ತ ಮಲಗಿದೆ.

೧೪ ಸೆಪ್ಟೆಂಬರ್

ಮನೆ ಈಗ ಶಾಂತವಾಗಿದೆ. ಇವರು ಪಾಳಿ ಮುಗಿಸಿ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ನನಗೆ ಬೇಕಾದದ್ದು ಇದೇ. ನಿನ್ನೆ ಗುರುವಾರ, ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿದ್ದರು. ಜ್ವರವಿದೆಯೋ ಎಂದು ಎರಡು ಸಲ ಹಣೆ ಮುಟ್ಟಿ ನೋಡಿದೆ. ಕೀಲಿ ಸೊಂಟದಲ್ಲೇ ಇದೆ. ಸುಮ್ಮನೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತೇನೆ.

೨೧ ಸೆಪ್ಟೆಂಬರ್, ಶುಕ್ರವಾರ

ಇವತ್ತು ಮಾನವಮಿ ಅಮಾವಾಸ್ಯೆ. ಮಾವನವರ ಹೆಸರಿನಲ್ಲಿ ಎಡೆ ಮಾಡಿ, ಕಾಗೆಗಿಡಲು ಎಲೆ ಹಿಡಿದು ಇವರು ಚಾಳಿನ ಹಿಂದಿನ ಗೋಡೆಯ ಹತ್ತಿರ ಹೋದರು. ಕಾಗೆ ಬಂತು. ಹೋಳಿಗೆ ಮುಟ್ಟಲಿಲ್ಲ, ಕಡುಬು ಮುಟ್ಟಲಿಲ್ಲ. ನೆಟ್ಟಗೆ ಬಂದು ಇವರ ತಲೆಗೆ ಬಡಿದು ಹಾರಿಹೋಯಿತು.

‘ರೆಕ್ಕಿ ತಾಗಿತು ಅಷ್ಟ’ ಎಂದು ಇವರು ನಗುತ್ತಿದ್ದಾರೆ. ತಾಗಿದ್ದು ರೆಕ್ಕೆಯೋ ಕಾಲೋ, ತಲೆ ಮುಟ್ಟಿತೋ ಇಲ್ಲವೋ. ಊರಲ್ಲಿ ಚಿಕ್ಕ ಹುಡುಗರಿಗೂ ಗೊತ್ತು, ಕಾಗೆ ತಲೆ ಮುಟ್ಟಿದವನಿಗೆ ಕಂಟಕ. ಅದೂ ಈ ಅಮಾವಾಸ್ಯೆಯ ದಿನ.

ಅತ್ತೆ ಬಾಗಿಲಲ್ಲಿ ಬೆನ್ನು ಮಾಡಿ ಕೂತಿದ್ದಳು. ನೋಡಿಲ್ಲ. ದೇವರು ದೊಡ್ಡವನು.

೨೩ ಸೆಪ್ಟೆಂಬರ್, ರವಿವಾರ

ಗುರಣ್ಣನನ್ನು ಕೇಳಿ ಬಂದೆ. ಹಿಂದಿನ ಓಣಿಯಲ್ಲಿರುವ ನಮ್ಮ ಕಡೆಯ ಗೌಂಡಿ, ಮನೆ ಕಟ್ಟುವುದರ ಜೊತೆಗೆ ಶಕುನ ಹೇಳುತ್ತಾನೆ. ಎಲ್ಲ ಕೇಳಿ, ಕೈಯ ಸಿಮೆಂಟು ಉಜ್ಜಿಕೊಳ್ಳುತ್ತ ಹೇಳಿದ:

‘ಪರಿಹಾರ ಅದ ತಂಗಿ, ಅಂಜಬ್ಯಾಡ. ಅವ ಸತ್ತಾನಂತ ಸುಳ್ಳು ಸುದ್ದಿ ಕಳಸಬೇಕು. ಕೇಳಿದವರು ಖರೇ ಖರೇ ಅಳಬೇಕು. ಅದೂ ಹೆತ್ತಾಕಿ ಅಳಬೇಕು. ಬರೂ ಅಮಾಸಿಯೊಳಗ ಆಕಿ ಕಣ್ಣಾಗಿಂದು ಒಂದು ಹನಿ ಬಿದ್ದರ ಸಾಕು, ಕಂಟಕ ದಾಟಿದಂಗ.’

ಊರಲ್ಲಾದರೆ ಇದು ಸುಲಭದ ಕೆಲಸ. ನಮ್ಮ ಕಾಕಾನ ತಲೆಗೆ ಕಾಗೆ ಬಡಿದಾಗ ಬೀಗರ ಊರಿಗೆ ಆಳು ಓಡಿಸಿದ್ದರು. ಅವರು ಎದೆ ಬಡಿದುಕೊಂಡು ಬಂಡಿ ಕಟ್ಟಿಕೊಂಡು ಬಂದರು, ಕಾಕಾ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತದ್ದನ್ನು ಕಂಡರು, ಬಾಯಿಗೆ ಬಂದ ಹಾಗೆ ಬೈದರು, ಹೋಳಿಗೆ ಉಂಡು ಹೋದರು. ಆದರೆ ಈ ಪದ್ಧತಿ ಮಾಡಿದ ಹಿರಿಯರಿಗೆ ಪುಣೆಯ ಚಾಳು ಗೊತ್ತಿರಲಿಲ್ಲ. ಒಂದೇ ಖೋಲಿಯಲ್ಲಿ ತಾಯಿ, ಮಗ, ಸೊಸೆ ಕಾಲು ಮಡಚಿಕೊಂಡು ಮಲಗುವವರು. ಅಲ್ಲೇ ಕೂತು ಚಹಾ ಕುಡಿಯುವವನು ಸತ್ತನೆಂದು ಯಾರಿಗೆ, ಎಲ್ಲಿಂದ ಸುದ್ದಿ ಕಳಿಸುವುದು?

ಇನ್ನೊಂದು ದೊಡ್ಡ ತೊಡಕಿದೆ. ನಮ್ಮ ಅತ್ತೆ ಸಾಬವ್ವ ಅಳುವವಳಲ್ಲ. ಗಂಡ ಸತ್ತಾಗಲೂ ಅಳಲಿಲ್ಲ, ಮೂರನೆಯ ದಿನ ತಲೆಯ ಮೇಲೆ ಇಟ್ಟಂಗಿ ಹೊತ್ತವಳು ಎಂದು ನಮ್ಮ ಕಡೆಯವರು ಇವತ್ತಿಗೂ ಹೇಳುತ್ತಾರೆ. ನಾನು ಈ ಮನೆಗೆ ಬಂದ ಮೇಲೆ ಅವಳು ಕಣ್ಣು ಒರೆಸಿಕೊಂಡದ್ದು ನೋಡಿಲ್ಲ, ನನ್ನ ಕಣ್ಣು ಒರೆಸುವಂತೆ ಮಾಡಿದ್ದು ಬೇರೆ.

೨೫ ಸೆಪ್ಟೆಂಬರ್, ಮಂಗಳವಾರ

ಇವತ್ತು ಪ್ರಯತ್ನ ಮಾಡಿದೆವು. ಇವರು ಕಾರ್ಖಾನೆಯಲ್ಲಿದ್ದಾಗ ಗುರಣ್ಣ ತಲೆಯ ಮೇಲೆ ಟವೆಲು ಹಾಕಿಕೊಂಡು ಬಂದ. ಅತ್ತೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು.

‘ಸಾಬವ್ವಕ್ಕ, ಎದಿ ಗಟ್ಟಿ ಮಾಡ್ಕೋ.’

‘ಗಟ್ಟೀನ ಅದ. ಏನಾತು?’

‘ನಿಮ್ಮ ಮಾಲಿಂಗ ಹೋಗಿಬಿಟ್ಟ.’

‘ಎಲ್ಲಿಗಿ?’

‘ಹೋಗಿಬಿಟ್ಟ ಅಂದ್ರ… ಸತ್ತ, ಯಕ್ಕಾ.’

ಅತ್ತೆ ಬೇಳೆಯೊಳಗಿನ ಒಂದು ಹರಳು ತೆಗೆದು ಹೊರಗೆ ಒಗೆದಳು. ‘ಯಾವ ನಾಟಕದಾಗ?’ ಎಂದಳು.

ಗುರಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಇದಕ್ಕೆ ಅವನು ತಯಾರಾಗಿ ಬಂದಿರಲಿಲ್ಲ. ‘ಅದು… ಹೊಸಾದು’ ಎಂದ.

‘ಹೋದ ಸಲ ಸತ್ತಾಗ ರೆಪ್ಪಿ ಪಿಳಿಪಿಳಿ ಬಡದಾನ. ಈ ಸಲಾನರ ನೆಟ್ಟಗ ಸಾಯಿ ಅಂತ ಹೇಳು ಅವಗ. ಕುಂದ್ರು, ಚಾ ಕುಡದು ಹೋಗೀಯಂತ.’

ಗುರಣ್ಣ ಕೂತು ಚಹಾ ಕುಡಿದ. ಹೋಗುವಾಗ ಹೊಸಿಲ ಹತ್ತಿರ ನನಗೆ, ‘ತಂಗಿ, ನಿನ್ನ ಗಂಡ ಇಷ್ಟು ಸಲ ಸಾಯಬಾರದಿತ್ತು’ ಎಂದ.

ಒಂದು ಮಾತು ಮಾತ್ರ ತಲೆಯಲ್ಲಿ ಕೂತಿದೆ. ರೆಪ್ಪೆ ಬಡಿದದ್ದು ಅತ್ತೆಗೆ ಹೇಗೆ ಗೊತ್ತು? ಹೆಣವಾಗಿದ್ದವರು ಇವರೆಂದು ಅವಳಿಗೆ ನಾನು ಹೇಳಿರಲಿಲ್ಲ. ಇರಲಿ, ರಂಗೂಬಾಯಿ ಹೇಳಿರಬೇಕು. ಅವಳಿಗೂ ಗೊತ್ತಿರಲಿಲ್ಲ ಎನ್ನುವುದು ಈಗ ಬರೆಯುವಾಗ ನೆನಪಾಗುತ್ತಿದೆ.

೨೭ ಸೆಪ್ಟೆಂಬರ್, ಗುರುವಾರ

ಮೂಲೆಯ ಕಿರಾಣಿ ಅಂಗಡಿಯ ಫೋನಿಗೆ ಮುಂಬಯಿಯ ಸಾಹೇಬರ ಕರೆ ಬಂದಿತ್ತಂತೆ. ಇವರು ಹೋಗಿ ಮಾತಾಡಿ ಬಂದರು. ನಾನೇ ಕೆದಕಿ ಕೇಳಿದೆ.

ಒಂದು ತಾಸಿನ ನಾಟಕ. ಭಜನೆ ಮಾಡುವ ಒಬ್ಬ ಮುದುಕ. ಗಂಟಲು ಹೋಗಿ ಧ್ವನಿ ನಿಂತುಹೋಗಿದೆ, ಮಾತೇ ಇಲ್ಲ. ಇಡೀ ನಾಟಕ ಆ ಮುದುಕನ ಸುತ್ತಲೇ. ಕೊನೆಗೆ ಸಾಯುತ್ತಾನೆ. ಗಾಜಿನ ಮೇಲೆ ಹೆಸರೂ ಬರುತ್ತದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೆಸರು ಬಂದಿಲ್ಲ.

‘ಒಲ್ಲೆ ಅಂದೆ. ಆಣಿ ಮಾಡೀನಲ್ಲ’ ಎಂದರು. ಈ ಸಲ ಮುಖ ಯಾವ ಪಾರ್ಟಿನದೂ ಆಗಿರಲಿಲ್ಲ.

ಆಗ ನನಗೆ ಹೊಳೆಯಿತು. ಸುದ್ದಿ ಕಳಿಸಲು ದೂರ ಬೇಕಲ್ಲ, ಆ ಡಬ್ಬಿಗಿಂತ ದೂರ ಯಾವುದಿದೆ? ಮುಂಬಯಿಯಿಂದ ಬರುತ್ತದೆ, ಘಾಟು ಹತ್ತಿ, ಲೋಣಾವಳಾ ದಾಟಿ. ಅಲ್ಲಿ ಮಗ ಸತ್ತರೆ, ನೆಟ್ಟಗೆ ಸತ್ತರೆ, ತಾಯಿ ಅಳದೆ ಇರುತ್ತಾಳೆಯೇ?

‘ಆಣಿ ಹಾಕಿದಾಕಿ ನಾನು, ಬಿಡಸ್ತೀನಿ ನಾನು. ಈಗಿಂದೀಗ ಹೋಗಿ ಫೋನ್ ಮಾಡ್ರಿ’ ಎಂದೆ.

‘ಕಾಗಿ ನನ್ನ ತಲಿಗಿ ಬಡೀತೋ ನಿನ್ನ ತಲಿಗಿ ಬಡೀತೋ?’ ಎಂದರು.

ಆಗ ಗುರಣ್ಣನ ಮಾತು ಪೂರ್ತಿ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು.

‘ಅವ್ವ ಅಳಬೇಕಾ? ಚಂದೀ, ಇಡೀ ಮುಂಬಯಿ ಅಳಸು ಅನ್ನು, ಅಳಸ್ತೀನಿ. ಅವ್ವನ್ನ ಅಳಸೂದು ಆಗದ ಮಾತು.’

ಹೀಗೆಂದವರು ಅಂಗಡಿಯ ಕಡೆ ಚಪ್ಪಲಿ ಇಲ್ಲದೆ ಓಡಿದರು.

೩ ಅಕ್ಟೋಬರ್

ಇವರಿಗೆ ಸಾಯಲು ಬರುವುದಿಲ್ಲ. ಇಷ್ಟು ದಿನ ಹೆಣವಾಗಿ ಮಲಗಿದ್ದೇನೋ ಸರಿ, ಆದರೆ ಜೀವ ಹೋಗುವುದನ್ನು ತೋರಿಸಿದವರಲ್ಲ. ಮೊದಲ ದಿನ ಹಿಟ್ಟಿನ ಡಬ್ಬಿಗೆ ಒರಗಿ ಸತ್ತು ತೋರಿಸಿದರು. ಒಂದು ಕೈ ಆಕಾಶಕ್ಕೆ, ಒಂದು ಕೈ ಎದೆಗೆ, ಕಣ್ಣು ಮೇಲಕ್ಕೆ. ಡಬ್ಬಿ ಉರುಳಿತು.

‘ಹ್ಯಾಂಗಾತು?’ ಎಂದು ಎದ್ದು ಕೂತು ಕೇಳಿದರು.

‘ಭಾಳ ಛಂದ ಆತು. ಅದಕ್ಕ ಅಳು ಬರವಲ್ಲದು’ ಎಂದೆ.

ಸಿಟ್ಟಾದರು. ಹಾಗಾದರೆ ನೀನೇ ಸತ್ತು ತೋರಿಸು ಎಂದರು. ಆಗ ನನಗೆ ನಮ್ಮಪ್ಪ ನೆನಪಾದ. ಅವನ ಹಾಸಿಗೆಯ ಹತ್ತಿರ ಕೂತವಳು ನಾನೇ. ಕೈ ಮೇಲೆತ್ತಲಿಲ್ಲ, ದೇವರ ಹೆಸರು ಹೇಳಲಿಲ್ಲ. ಮಧ್ಯಾಹ್ನವೆಲ್ಲ ಅವನ ಬೆರಳು ಕೌದಿಯ ಮೇಲೆ ಏನನ್ನೋ ಹುಡುಕುತ್ತಿದ್ದವು. ಎಲೆ ಅಡಿಕೆ ಇಟ್ಟುಕೊಳ್ಳುವ ಅವನ ಚಂಚಿ. ಜೀವನವಿಡೀ ಸೊಂಟಕ್ಕೆ ಸಿಗಿಸಿಕೊಂಡಿದ್ದ ಬಟ್ಟೆಯ ಚೀಲ. ನಾವು ಅದನ್ನು ತಂದು ಕೈಗಿಡುವುದರೊಳಗೆ ಬೆರಳು ನಿಂತಿದ್ದವು. ಅಷ್ಟೇ.

ಇದನ್ನು ಕೂತು ಕೈಯಲ್ಲಿ ಮಾಡಿ ತೋರಿಸಿದೆ. ಇವರು ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದರು.

‘ಇನ್ನೊಮ್ಮೆ ಮಾಡು’ ಎಂದರು.

ಈಗ ದಿನಾ ಊಟವಾದ ಮೇಲೆ ಪ್ರಾಕ್ಟೀಸು. ನಾನು ಹೇಳುತ್ತೇನೆ, ಇವರು ಮಾಡುತ್ತಾರೆ. ಹೆಬ್ಬೆರಳು ಹೆಚ್ಚಾಯಿತು, ಅವಸರ ಮಾಡಬ್ಯಾಡ್ರಿ, ಸಾಯುವವನಿಗೆ ಎಲ್ಲಿಗೆ ಹೋಗುವುದಿದೆ. ನಿನ್ನೆ ಒಮ್ಮೆ ಎಷ್ಟು ಸರಿಯಾಗಿ ಮಾಡಿದರೆಂದರೆ ನಾನು ಎದ್ದು ನೀರು ಕುಡಿದೆ.

ಅತ್ತೆ ಈ ಹೊತ್ತಿನಲ್ಲಿ ಹೊರಗೆ ಪಡಸಾಲೆಯಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಾಳೆ. ಇದೊಂದು ಹೊಸ ಹುಚ್ಚು ಹಿಡಿದಿದೆ ಅವಳಿಗೆ. ಎಂಟು ದಿನದಿಂದ ಈಳಿಗೆ ಮಣೆ ನನಗೆ ಕೊಡುವುದೇ ಇಲ್ಲ. ಉಳ್ಳಾಗಡ್ಡಿ ಪಲ್ಲೆ, ಉಳ್ಳಾಗಡ್ಡಿ ಜುಣಕ, ಉಳ್ಳಾಗಡ್ಡಿ ಭಜಿ. ಚಾಳಿನವರಿಗೂ ಹಂಚಿದ್ದಾಯಿತು. ರಂಗೂಬಾಯಿ, ‘ಸಾಬಾಕ್ಕ, ಹಾಟೇಲ್ ತೆಗೀತೀಯೇನು?’ ಎಂದು ಕೇಳಿದಳು. ವಯಸ್ಸಾದವರಿಗೆ ಏನೇನೋ ಆಸೆ ಆಗುತ್ತವೆ. ನನಗೆ ಆ ಚಿಂತೆ ಮಾಡಲು ಪುರುಸೊತ್ತಿಲ್ಲ.

೮ ಅಕ್ಟೋಬರ್

ಇವರು ಮುಂಬಯಿಗೆ ಹೋಗಿ ಎರಡು ದಿನ ಇದ್ದು, ಸತ್ತು, ಲೋಣಾವಳಾದಲ್ಲಿ ಶೇಂಗಾ ಚಿಕ್ಕಿ ಕಟ್ಟಿಸಿಕೊಂಡು ಬಂದರು. ಹೇಗಾಯಿತು ಎಂದರೆ ‘ಆತು’ ಎನ್ನುತ್ತಾರೆ. ಸಾಹೇಬರು ಏನೆಂದರು ಎಂದರೆ ‘ಏನೂ ಅನಲಿಲ್ಲ’ ಎನ್ನುತ್ತಾರೆ. ಏನೂ ಅನದಿದ್ದರೆ ಚಲೋ ಆಗಿರಬೇಕೋ ಕೆಟ್ಟಿರಬೇಕೋ? ಕೌದಿ ಹೊದಿಸಿದ್ದರೋ, ಬರೀ ಚಾದರವೋ ಎಂದು ಕೇಳಿದೆ. ಚಾದರವಂತೆ. ಚಾದರದ ಮೇಲೆ ಬೆರಳು ಜಾರುತ್ತವೆ, ಹುಡುಕಿದ ಹಾಗೆ ಕಾಣುವುದಿಲ್ಲ. ನಾನು ಕೌದಿಯನ್ನು ಕಟ್ಟಿ ಕೊಟ್ಟಿದ್ದರಾಗುತ್ತಿತ್ತು.

೧೫ ಅಕ್ಟೋಬರ್, ಸೋಮವಾರ

ಇವತ್ತು ತೋರಿಸಿದರು.

ಇವರನ್ನು ಬೇಕೆಂದೇ ಎರಡನೆಯ ಪಾಳಿಗೆ ಕಳಿಸಿದ್ದೆ. ಪಕ್ಕದಲ್ಲೇ ಕೂತು ಭಜಿ ತಿನ್ನುವವನಿಗಾಗಿ ಯಾವ ತಾಯಿ ಅಳುತ್ತಾಳೆ? ರಂಗೂಬಾಯಿಯ ಖೋಲಿ ತುಂಬಿ, ಕಿಟಕಿಯ ಹೊರಗೂ ತಲೆಗಳಿದ್ದವು. ಅತ್ತೆಯನ್ನು ಮುಂದೆ ಕೂರಿಸಿದೆ. ಎಲೆ ಅಡಿಕೆ ಜಗಿಯುತ್ತಿದ್ದಳು.

ಮೊದಲಿಗೆ ಹೆಸರು ಬಂತು. ಮರಾಠಿ ಅಕ್ಷರ, ನಾನು ಕೂಡಿಸಿ ಓದುವುದರೊಳಗೆ ಹೋಯಿತು. ಆಮೇಲೆ ಮುದುಕ ಬಂದ. ನಾನು ಇವರನ್ನು ಹುಡುಕಿದೆ. ಖರೆ ಹೇಳುತ್ತೇನೆ, ಈ ಡೈರಿಗೆ ಸುಳ್ಳು ಹೇಳಿ ಏನು ಮಾಡಲಿ, ನನಗೂ ಸಿಗಲಿಲ್ಲ. ಬೆನ್ನು ಬಾಗಿದ, ಬಾಯಿ ಒಳಗೆ ಸೇರಿದ ಯಾರೋ ಮುದುಕ. ಎಲ್ಲರೂ ಭಜನೆ ಹಾಡುವಾಗ ಅವನ ಗಂಟಲು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು, ಧ್ವನಿ ಇಲ್ಲ. ರಂಗೂಬಾಯಿ ಆಗಲೇ ಸೆರಗು ತೆಗೆದಿದ್ದಳು. ‘ಬಿಚಾರಾ’ ಎಂದಳು. ‘ನಿನ್ನ ಗಂಡ ಯಾವಾಗ ಬರತಾನ ಚಂದಾ?’

ಅತ್ತೆ ಜಗಿಯುತ್ತಲೇ ಇದ್ದಳು. ನಾನು ಟಿವಿ ನೋಡಲಿಲ್ಲ, ಅವಳ ದವಡೆ ನೋಡುತ್ತಿದ್ದೆ.

ಕೊನೆಗೆ ಮುದುಕ ಮಲಗಿದ. ಚಾದರದ ಮೇಲೆ ಬೆರಳು ಹೊರಟವು. ಸುಮ್ಮನೆ, ಅವಸರವಿಲ್ಲದೆ, ಅಲ್ಲೊಮ್ಮೆ ಇಲ್ಲೊಮ್ಮೆ. ಜಾರಲಿಲ್ಲ.

ಅತ್ತೆಯ ದವಡೆ ನಿಂತಿತು.

ಆಮೇಲೆ ಅವಳು ಮುಂದಕ್ಕೆ ಬಾಗಿದಳು. ಆ ಗಾಜಿಗೆ, ಪಕ್ಕದಲ್ಲಿ ಮಲಗಿದವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

‘ತಲಿದಿಂಬಿನ ಬುಡಕ ಅದ ನೋಡು.’

ಬೆರಳು ಹುಡುಕುತ್ತಲೇ ಇದ್ದವು.

‘ಅಲ್ಲಲ್ಲ. ಬುಡಕ. ನಾನ ಇಟ್ಟೀನಿ.’

ಬೆರಳು ನಿಂತವು. ಅತ್ತೆ ಅತ್ತಳು. ಧ್ವನಿಯಿಲ್ಲದೆ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ, ಹೆಗಲು ಕುಣಿಸಿ ಅತ್ತಳು. ಒಂದು ಹನಿ ಸಾಕೆಂದಿದ್ದ ಗುರಣ್ಣ. ನಾನು ಎಣಿಸಲು ಹೋಗಲಿಲ್ಲ, ಯಾಕೆಂದರೆ ನನಗೂ ಕಾಣುತ್ತಿರಲಿಲ್ಲ.

೧೬ ಅಕ್ಟೋಬರ್

ಒಂದು ದಿನವೂ ನಿಶ್ಚಿಂತೆಯಿಂದ ಇರಲು ಬಿಡುವುದಿಲ್ಲ ಈ ಗುರಣ್ಣ. ಖುಷಿಯಿಂದ ಹೇಳಲು ಹೋದರೆ, ಗಡ್ಡ ಕೆರೆದುಕೊಂಡು, ‘ಅಳೂವಾಗ ಅವ ತನ್ನ ಮಗ ಅನ್ನೂದು ಆಕಿಗಿ ಗೊತ್ತಿತ್ತೋ ಇಲ್ಲೋ? ಯಾರೋ ಮುದುಕ ಅಂತ ಅತ್ತಿದ್ದರ ಅದು ಆ ಮುದುಕನ ಖಾತೇಕ್ಕ ಹೋಗ್ತದ’ ಎಂದ.

ರಂಗೂಬಾಯಿಗೆ ಗೊತ್ತಾಗಲಿಲ್ಲ, ಕಟ್ಟಿಕೊಂಡ ನನಗೇ ಗೊತ್ತಾಗಲಿಲ್ಲ. ಇವರು ಇಷ್ಟು ಚಲೋ ಮಾಡಬಾರದಿತ್ತು. ಮನೆಗೆ ಬಂದು ಗಟ್ಟಿ ಮನಸ್ಸು ಮಾಡಿ ಅತ್ತೆಯ ಮುಂದೆ ಕೂತೆ.

‘ಅತ್ತಿ, ನಿನ್ನೆ ಟಿವಿಯಾಗ ಆ ಮುದುಕ ಯಾರಂತ ಗೊತ್ತಾತೇನ್ರಿ?’

‘ಅವನ ಹಡದಾಕಿ ನಾನು. ನನಗ ಕೇಳ್ತಿ?’ ಎಂದಳು. ‘ಪೋಲೀಸ ಆದಾಗೂ ಗೊತ್ತಿತ್ತು, ಆ ಸುಣ್ಣಾ ಬಡದ ಸಾಹೇಬ ಆದಾಗೂ ಗೊತ್ತಿತ್ತು. ಅಂಗಾಲ ಒಳಗ ಮಾಡಿ ನಿಲ್ತಾನ. ಸಣ್ಣಾಂವ ಇದ್ದಾಗಿಂದ ಹಂಗ.’

‘ಮತ್ತ ಒಮ್ಮೆನೂ ಹೇಳಲಿಲ್ಲ.’

‘ಗುರ್ತ ಸಿಗಬಾರದು ಅಂತ ಅವ ಅಷ್ಟು ಒದ್ದಾಡತಾನ. ನಾ ಯಾಕ ಹೇಳಿ ಕೆಡಿಸಲಿ?’

ಸಮಾಧಾನವಾಗಿ ಏಳುತ್ತಿದ್ದೆ. ಅವಳೇ ಕೈ ಹಿಡಿದು ಕೂರಿಸಿದಳು.

‘ಕಾಗಿ ಬಡದದ್ದು ನಾನೂ ನೋಡೀನಿ, ಚಂದವ್ವ. ಎದುರಿಗಿ ಕೊಡ ಬೋರಲ ಹಾಕಿದ್ದಿ, ಅದರಾಗ ಎಲ್ಲಾ ಕಾಣಸ್ತದ. ಆ ಗುರಣ್ಣ ಟವೆಲ್ ಹೊತಗೊಂಡು ಬಂದಾಗ ಯಾಕ ಬಂದಾನ ಅಂತ ಸೈತ ಗೊತ್ತಾತು. ಅಳಬೇಕು ಅಂತನ ಕುಂತೆ. ಆದರ ಅವನ ಮಾರಿ ನೋಡಿದರ ನಗೀನ ಬಂತು. ನಾ ಏನ ಮಾಡಲಿ?’

‘ಮತ್ತ ಉಳ್ಳಾಗಡ್ಡಿ?’

‘ಮತ್ತೇನು. ಅವತ್ತಿನಿಂದ ಹೆಚ್ಚಾಕತ್ತೀನಿ. ಎಲ್ಲಾರೂ ಅಳ್ತಾರ, ನನಗ ಮಾತ್ರ ಒಂದು ಹನಿ ಬರವಲ್ಲದು. ಈ ಪುಣೇದ ಉಳ್ಳಾಗಡ್ಡಿಯೊಳಗ ಕಸುವಿಲ್ಲ.’

ಆಮೇಲೆ ಹೇಳಿದಳು. ಮಾವನವರೂ ಹೋಗುವಾಗ ಹೀಗೆಯೇ ಚಂಚಿ ಹುಡುಕಿದರಂತೆ. ಆಗ ಇವರು ತೊಟ್ಟಿಲಲ್ಲಿದ್ದರು, ಕಂಡವರಲ್ಲ. ‘ಅಪ್ಪನ ಬೆರಳು ಇವಗ ಹ್ಯಾಂಗ ಬಂದವು ಅಂತನ ಗೊತ್ತಾಗವಲ್ಲದು’ ಎಂದಳು. ನಾನು ಕಲಿಸಿದ್ದೆಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ.

‘ಹಂಗಾರ ಅತ್ತಿದ್ದು ಮಾವನವರಿಗೋ, ಇವರಿಗೋ?’ ಎಂದು ಕೇಳಿದೆ. ಗುರಣ್ಣ ಮತ್ತೆ ಕೇಳುತ್ತಾನಲ್ಲ.

‘ಅರ್ಧಾ ಅರ್ಧಾ ಬರಕೋ ಅನ್ನು ಅವಗ’ ಎಂದು ಅತ್ತೆ ಈಳಿಗೆ ಮಣೆಯನ್ನು ನನ್ನ ಕಡೆ ನೂಕಿದಳು. ‘ಇನ್ನ ಮ್ಯಾಲೆ ನೀನ ಹೆಚ್ಚು.’

೨೫ ಅಕ್ಟೋಬರ್, ಗುರುವಾರ

ದೀಪಾವಳಿಯ ಗದ್ದಲದಲ್ಲಿ ಬರೆಯಲಾಗಲಿಲ್ಲ. ಅಮಾವಾಸ್ಯೆ ಯಾವ ದಿನ ಬಂದು ಹೋಯಿತೋ, ನೆನೆಸಿಕೊಂಡರೆ ಕರಂಜಿ ಕರಿದದ್ದು ಮಾತ್ರ ಕಣ್ಣಿಗೆ ಬರುತ್ತದೆ. ಬೆಳಿಗ್ಗೆ ಒಣಹಾಕಿದ ಶ್ಯಾವಿಗೆಯ ಮೇಲೆ ಕಾಗೆ ಕೂತಿತ್ತು. ಓಡಿಸಿದೆ.

ಮುಂಬಯಿಯ ಸಾಹೇಬರು ಮತ್ತೆ ಕರೆದಿದ್ದಾರೆ. ಈ ಸಲ ಇವರು ಜಡ್ಜ. ಸಾಯುವುದಿಲ್ಲ, ಬೇರೆಯವರನ್ನು ಗಲ್ಲಿಗೇರಿಸುತ್ತಾರೆ. ಎರಡು ದಿನದಿಂದ ನಾನು ಮಾಡಿದ ಸಾರಿನ ಮೇಲೆ ತೀರ್ಪು ಕೊಡುತ್ತಿದ್ದಾರೆ. ಜಡ್ಜನಿಗೆ ಮೀಸೆ ಬೇಡ, ಕನ್ನಡಕ ಮೂಗಿನ ತುದಿಗೆ ಬರಲಿ, ಅಂಗಾಲು ಒಳಗೆ ಮಾಡಿ ನಿಲ್ಲಬ್ಯಾಡ್ರಿ ಎಂದು ಹೇಳಿದ್ದೇನೆ. ‘ನೀ ಯಾವಾಗ ಕೋರ್ಟ ಕಚೇರಿ ನೋಡೀದಿ?’ ಎಂದು ಕೇಳುತ್ತಾರೆ. ನೋಡಿಲ್ಲ. ಆದರೆ ಅತ್ತೆಯ ಕೈಕೆಳಗೆ ಇಷ್ಟು ವರ್ಷ ಇದ್ದೇನೆ.

ಇವತ್ತು ನಸುಕಿನಲ್ಲಿ ಎಚ್ಚರವಾದದ್ದು ಬೇರೆ ಚಿಂತೆಗೆ. ಆ ಮುದುಕ ಚಂಚಿ ಹುಡುಕಿದ್ದು ಯಾವ ಕೈಯಿಂದ? ನಮ್ಮಪ್ಪ ಎಡಚ. ನಾನು ಕಲಿಸಿದ್ದು ಎಡಗೈ. ಮಾವನವರದು ಬಲಗೈ ಎಂದು ಅತ್ತೆ ಹೇಳುತ್ತಾಳೆ, ಟಿವಿಯಲ್ಲೂ ಬಲಗೈಯೇ ಇತ್ತು ಎಂದು ಆಣೆ ಮಾಡುತ್ತಾಳೆ. ನನಗೆ ಎಡಗೈ ಕಂಡ ನೆನಪು, ಆದರೆ ನಾನು ಅತ್ತೆಯ ದವಡೆ ನೋಡುತ್ತಿದ್ದೆ. ರಂಗೂಬಾಯಿ, ಎರಡೂ ಕೈ ಎನ್ನುತ್ತಾಳೆ, ಅವಳು ಈಗಲೂ ಆ ಮುದುಕ ಬೇರೆ ಯಾರೋ ಎಂದೇ ನಂಬಿದ್ದಾಳೆ. ಇವರನ್ನು ಕೇಳಿದರೆ, ‘ಆ ಹೊತ್ತಿನ್ಯಾಗ ಕೈ ನನ್ನವು ಎಲ್ಲಿ ಇದ್ದವು ಚಂದೀ?’ ಎನ್ನುತ್ತಾರೆ.

ಗಾಡಿಗೆ ಹೊರಟಾಗ ಬಾಗಿಲ ತನಕ ಹೋಗಿ, ರೊಟ್ಟಿಯ ಗಂಟು ಕೈಗಿಟ್ಟು ಹೇಳಿದೆ: ‘ಜಡ್ಜನ ಕೆಲಸ ಆಮ್ಯಾಲೆ ಆಗಲಿ. ಮೊದಲ ಸಾಹೇಬರಿಗೆ ಆ ಟೇಪು ಹಚ್ಚಿ ತೋರಸ್ರಿ ಅನ್ರಿ. ಎಡಗೈಯೋ ಬಲಗೈಯೋ, ಇನ್ನೊಮ್ಮೆ ಕಣ್ಣಾರೆ ನೋಡಿ ಬರ್ರಿ.’